ಮನೆ ತೋರಿಸುತ್ತಿದ್ದವರು

ಹುಮನಾಬಾದಿನಲ್ಲಿ ಬಾಡಿಗೆ ಮನೆ ತೋರಿಸುತ್ತಿದ್ದ ಆ ಹಿರಿಯರು ಬೀಗ ತೆಗೆದ ಮೇಲೆ ನಲ್ಲಿ, ಬಚ್ಚಲು ಅಂತ ಏನನ್ನೂ ತೋರಿಸುತ್ತಿರಲಿಲ್ಲ. ಕಿಟಕಿ ತೆರೆದು, ಹೆಗಲ ಮೇಲಿನ ಟವೆಲ್ಲಿನಿಂದ ನೆಲ ಒರೆಸಿ, "ಜರಾ ಕೂಡ್ರಿ, ಮನಿನೂ ನಿಮ್ಮನ್ನ ನೋಡಲಿ," ಎಂದು ತಾವು ಹೊಸ್ತಿಲಾಚೆ ನಿಲ್ಲುತ್ತಿದ್ದರು.

ಅಲ್ಲಿನ ಔಷಧ ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಬಸವಕಲ್ಯಾಣದಿಂದ ಬಂದು, ಬೆಳಗಿನಿಂದ ಮನೆ ಹುಡುಕಿ, ಬಸುರಿ ಹೆಂಡತಿ ಸೋತುಹೋಗಿದ್ದಳು. ಮನೆಮನೆಗೂ ಈ ಹಿರಿಯರದು ಅದೇ ಮಾತು. ನನಗೆ ಸಿಟ್ಟು ಬರತೊಡಗಿತ್ತು. ಸಂಜೆ ಕೊನೆಯ ಮನೆಯಲ್ಲಿ ಅವರು ಹೇಳಿದಂತೆ ಕುಳಿತವಳು ಗೋಡೆಗೊರಗಿ ಹಾಗೆಯೇ ನಿದ್ದೆಹೋದಳು. ಕಿಟಕಿಯ ಬಿಸಿಲು ಅವಳ ಪಾದದ ಮೇಲೆ ಬಂದು ನಿಂತಿತು. ಖಾಲಿ ಕೋಣೆಯೇ ಅವಳ ಉಸಿರಿನ ಜೊತೆ ಮೆಲ್ಲಗೆ ತೂಗುತ್ತಿದೆ ಅನ್ನಿಸಿತು.

ಅಷ್ಟರಲ್ಲಿ ಅದೇ ಮನೆ ನೋಡಲು ಇನ್ನೊಂದು ಕುಟುಂಬ ಬಂತು. ಹಿರಿಯರು ಬಾಗಿಲನ್ನು ಅರ್ಧ ಎಳೆದುಕೊಂಡು ಪಿಸುಗುಟ್ಟಿದರು: "ಸಪ್ಪಳ ಮಾಡಬ್ಯಾಡ್ರಿ. ಮನ್ಯಾಗ ಮಂದಿ ಮಲಗ್ಯಾರ."

ನಾವಿನ್ನೂ ಒಪ್ಪಿರಲೇ ಇಲ್ಲ.

ಹೆಂಡತಿ ಕಣ್ಣು ಬಿಟ್ಟು, "ಯಾರು ಬಂದಿದ್ರು?" ಅಂದಳು.

"ಮನಿ ತಪ್ಪಿ ಬಂದಿದ್ರವ್ವಾ," ಎಂದ ಹಿರಿಯರು ಬೀಗದ ಕೈಯನ್ನು ಸಪ್ಪಳವಾಗದಂತೆ ಅವಳ ಪಕ್ಕದಲ್ಲಿಟ್ಟು, ಚಪ್ಪಲಿ ಮೆಟ್ಟಿಕೊಂಡರು.