ಕಾವಲು ಬದಲಾದದ್ದು ಯಾರಿಗೂ ಗೊತ್ತಾಗಲಿಲ್ಲ

ಬಸವೇಶ್ವರನಗರದ ಬ್ರೌಸಿಂಗ್ ಸೆಂಟರ್ ಒಂದರಲ್ಲಿ ನಾನು ಸಿಸ್ಟಂ ನೋಡಿಕೊಳ್ಳುತ್ತಿದ್ದ ಕಾಲವದು. ಮೂಲೆಯಲ್ಲಿದ್ದ ಲಿನಕ್ಸ್ ಡಬ್ಬವೇ ನಮ್ಮ ಫೈರ್‌ವಾಲ್. ಇಂಟರ್‌ನೆಟ್ಟಿನಿಂದ ಏನು ಒಳಗೆ ಬರಬೇಕು, ಏನು ಬಾರದು ಎಂದು ಕಾಯುವ ಯಂತ್ರ. ದಾವಣಗೆರೆ ಕಡೆಯ ನಮ್ಮ ಮಾಲೀಕರು ಪ್ರತಿ ಸೋಮವಾರ ಅದಕ್ಕೂ ವಿಭೂತಿ ಹಚ್ಚಿ ಕೈ ಮುಗಿಯುತ್ತಿದ್ದರು. ಮುಗಿಯಲಿ, ಬೇಡ ಎಂದವರಾರು? ಆದರೆ ಅದರೊಳಗಿನ ಐಪಿಚೈನ್ಸ್ ಎಂಬ ತಂತ್ರಾಂಶಕ್ಕೆ ವಯಸ್ಸಾಗಿತ್ತು. ನಾವು ಕೇಳಿದ್ದಕ್ಕೆ ಬಂದ ಉತ್ತರ ಯಾವುದು, ಹೊರಗಿನವರು ತಾವಾಗಿ ನುಗ್ಗಿದ್ದು ಯಾವುದು ಎಂಬ ನೆನಪೇ ಅದಕ್ಕಿರಲಿಲ್ಲ. ಹೀಗಾಗಿ ಎಷ್ಟೋ ಬಾಗಿಲುಗಳನ್ನು ತೆರೆದೇ ಇಡಬೇಕಿತ್ತು. ಹೊಸದಾಗಿ ಬಂದ ಐಪಿಟೇಬಲ್ಸ್ ಅದನ್ನೆಲ್ಲ ನೆನಪಿಡುತ್ತಿತ್ತು.

ಬದಲಾಯಿಸೋಣವೆಂದರೆ ಮಾಲೀಕರು ಸುತರಾಂ ಒಪ್ಪಲಿಲ್ಲ.

“ಹೊಸ ವೈದ್ಯನಿಗಿಂತ ಹಳೇ ರೋಗಿ ಮೇಲು ಅಂತಾರಮ್ಮ. ಒಬ್ಬ ಕಸ್ಟಮರ್‌ಗೆ ನೆಟ್ ನಿಂತ್ರೂ ನಾಳೆಯಿಂದ ನೀನು ಬರೋದು ಬೇಡ.”

ನನಗೆ ಸಿಟ್ಟು ನೆತ್ತಿಗೇರಿತು. ಭಯವೂ ಆಯಿತು, ಡಿಪ್ಲೊಮಾ ಮುಗಿಸಿದ ಹುಡುಗಿಗೆ ಸರ್ವರ್ ಮುಟ್ಟಲು ಬಿಡುವ ಇನ್ನೊಂದು ಕೆಲಸ ಸಿಗುವುದು ಅಷ್ಟರಲ್ಲೇ ಇತ್ತು. ಅವರ ಡಬ್ಬ ಮುಟ್ಟುವುದಿಲ್ಲವೆಂದು ಹೇಳಿ, ಮೂಲೆಗೆ ಬಿದ್ದಿದ್ದ ಕಂಪ್ಯೂಟರೊಂದಕ್ಕೆ ಐಪಿಟೇಬಲ್ಸ್ ಹಾಕಿ ಅದರ ಪಕ್ಕದಲ್ಲಿಟ್ಟೆ. ಮೊದಲು ನನ್ನ ಸೀಟಿನ ಕಂಪ್ಯೂಟರನ್ನು ಮಾತ್ರ ಈ ಹೊಸ ಡಬ್ಬದ ದಾರಿಗೆ ಹಚ್ಚಿದೆ. ಎಲ್ಲವೂ ಸಲೀಸಾಗಿ ಓಡಿತು. ಎಷ್ಟು ಸಲೀಸೆಂದರೆ, ನಾವು ತಡೆದಿದ್ದ ಸೈಟುಗಳೂ ತೆರೆದುಕೊಂಡವು! ಹಳೆಯದರಲ್ಲಿ ಹಾದುಹೋಗುವುದೆಲ್ಲ ಇನ್‌ಪುಟ್ ಎಂಬ ಬಾಗಿಲು ದಾಟಲೇಬೇಕಿತ್ತು. ಹೊಸದರಲ್ಲಿ ಅದು ಫಾರ್ವರ್ಡ್ ಎಂಬ ಬೇರೆ ಬಾಗಿಲಿನಿಂದ ಹೋಗುತ್ತದೆ. ನಾನು ನಿಯಮಗಳನ್ನೆಲ್ಲ ಹಳೇ ಅಭ್ಯಾಸದಂತೆ ಇನ್‌ಪುಟ್‌ನಲ್ಲೇ ಬರೆದು, ಯಾರೂ ಓಡಾಡದ ಓಣಿಗೆ ಕಾವಲು ಹಾಕಿದ್ದೆ. ಒಂದೊಂದನ್ನೂ ತಿದ್ದಿದೆ.

ಆಮೇಲೆ ಗೋಡೆ ಬದಿಯ ಸೀಟು, ಆಮೇಲೆ ಕಿಟಕಿ ಬದಿಯದು. ಒಬ್ಬರು ಎದ್ದು ಇನ್ನೊಬ್ಬರು ಕೂರುವ ಸಂದಿಯಲ್ಲಿ ದಾರಿ ಬದಲಿಸುತ್ತಿದ್ದೆ. ಕೆಲವು ವಾರ ಹೀಗೇ ನಡೆಯಿತು.

ಪರೀಕ್ಷೆಯ ಫಲಿತಾಂಶದ ದಿನ. ಜ್ಞಾನಭಾರತಿ ಕಡೆಯ ವಿದ್ಯಾರ್ಥಿಗಳೆಲ್ಲ ಬಂದು ಸರದಿ ಮೆಟ್ಟಿಲು ಇಳಿದು ರಸ್ತೆ ತಲುಪಿತ್ತು. ಇಷ್ಟು ಜನ ಬಂದರೂ ತಮ್ಮ ಹಳೇ ಡಬ್ಬ ಜಗ್ಗಲಿಲ್ಲವೆಂದು ಮಾಲೀಕರು ಪಕ್ಕದಂಗಡಿಯವರ ಮುಂದೆ ಕೊಚ್ಚಿಕೊಳ್ಳುತ್ತಿದ್ದರು. ನಾನು ಮೂಲೆಗೆ ಹೋಗಿ, ಅವರನ್ನು ಕರೆದು, ಅವರ ಕಣ್ಣೆದುರೇ ಆ ಹಳೇ ಡಬ್ಬದ ಪ್ಲಗ್ ಕಿತ್ತೆ.

ಮಾಲೀಕರು ಗಾಬರಿಯಿಂದ ಸೀಟುಗಳತ್ತ ತಿರುಗಿದರು. ಒಬ್ಬರೂ ತಲೆ ಎತ್ತಿರಲಿಲ್ಲ.

“ಯಾವಾಗಿಂದಮ್ಮ ಇದು?”

“ಹೋದ ವಾರವೇ ಕೊನೇ ಸೀಟೂ ಹೊಸ ಡಬ್ಬಕ್ಕೆ ಬಂತು ಸಾರ್. ನೀವು ಈಗ ಹೊಗಳ್ತಿದ್ದಿದ್ದು ಹೊಸದನ್ನೇ.”

ನಾನು ವೈರನ್ನು ಸುತ್ತಿ ಮೇಜಿನ ಮೇಲಿಟ್ಟು, ಬಾಗಿಲಿಗೆ ಬಂದು, ಸರದಿಯಲ್ಲಿದ್ದವರನ್ನು ಒಳಗೆ ಕರೆದೆ. ಅಷ್ಟು ಹೆಮ್ಮೆಯಿಂದ ನಾನು ಮತ್ತೆ ಯಾರನ್ನೂ ಕರೆದಿಲ್ಲ.