ಕೊಕ್ಕಿಲ್ಲದ ಗಾಜಿನ ಹಕ್ಕಿ

ನಮ್ಮ ಕಡೆ ಮುಂಬೈಯಲ್ಲಿ ದುಡಿದವರ ಮನೆಯೆಂದರೆ ಚಾವಡಿಯಲ್ಲಿ ಒಂದು ಷೋಕೇಸ್ ಇರಲೇಬೇಕು. ಅದರೊಳಗೆ ಒಂದು ತಾಜ್‌ಮಹಲ್, ಯಾರೂ ಚಾ ಕುಡಿಯದ ಆರು ಕಪ್ಪು, ಅದೃಷ್ಟವಿದ್ದರೆ ಗಾಜಿನದ್ದೊಂದು ಹಕ್ಕಿ. ಈಗ ಎಲ್ಲರೂ ಷೋಕೇಸ್ ಕಿತ್ತು ಗೋಡೆಯಗಲದ ಟಿ.ವಿ. ಇಡುತ್ತಿದ್ದಾರೆ. ಹಳೇ ಹಕ್ಕಿಗಳು ಗುಜರಿಗೆ ಹೋಗುವ ಮೊದಲು ನಾನು ಹೋಗಿ ಬಾಗಿಲಲ್ಲಿ ನಿಲ್ಲುತ್ತೇನೆ, ನಾಚಿಕೆ ಬಿಟ್ಟು. ಬ್ರಹ್ಮಾವರದ ನಮ್ಮ ಮನೆಯ ಕಿಟಕಿಯಲ್ಲಿ ಹೀಗೆ ಇಪ್ಪತ್ತಮೂರು ಸೇರಿವೆ. ಬೆಳಗಿನ ಬಿಸಿಲಿಗೆ ಗಾಜಿನ ಮಿಂಚುಳ್ಳಿಯ ನೆರಳು ನೆಲದ ಮೇಲೆ ನೀಲಿಯಾಗಿಯೇ ಬೀಳುತ್ತದೆ. ಆದರೆ ಹೊಳೆಬದಿಯಲ್ಲಿ ನಿಜವಾದ ಮಿಂಚುಳ್ಳಿ ಮೀನಿಗೆ ಎರಗಿದ್ದನ್ನು ಕಂಡು ಬಂದ ದಿನ, ನನ್ನ ಗಾಜಿನದ್ದನ್ನು ನೋಡಿದರೆ ಪಾಪ ಅನಿಸುತ್ತದೆ. ನನಗೆ ಎರಡೂ ಬೇಕು. ಗಂಡನಿಗೆ ಹಕ್ಕಿಯೆಂದರೆ ಕೋಳಿ, ಅದೂ ಸುಕ್ಕ ಆದ ಮೇಲೆ. ಹಾಗಾಗಿ ಈ ಮಾತನ್ನೆಲ್ಲ ಆಡಲು ಮನೆಯಲ್ಲಿ ಜನವಿರಲಿಲ್ಲ.

ಹೋದ ವರ್ಷ ಬೇಸಿಗೆ ಶುರುವಾಗುವಾಗ ಮುಂಬೈಯಿಂದ ಅತ್ತಿಗೆ ಬಂದಳು. ಅಣ್ಣ ತೀರಿಕೊಂಡ ಮೇಲೆ ಅವಳು ಮಗಳ ಫ್ಲ್ಯಾಟಿನಲ್ಲಿದ್ದಾಳೆ. ನನ್ನ ಓರಗೆಯವಳು, ಮನೆಮಾತು ನಮ್ಮದೇ ಆದರೂ ಹುಟ್ಟಿ ಬೆಳೆದದ್ದೆಲ್ಲ ಮುಂಬೈ, ಕಂಡ ಹಕ್ಕಿ ಕಾಗೆ ಮತ್ತು ಪಾರಿವಾಳ. ತನ್ನ ಷೋಕೇಸಿನ ಹಸಿರು ಹಕ್ಕಿಯನ್ನು ಸೀರೆಯಲ್ಲಿ ಸುತ್ತಿ ನನಗೆಂದೇ ತಂದಿದ್ದಳು. ಬಿಚ್ಚಿ ನೋಡಿದರೆ ರೈಲಿನಲ್ಲಿ ಅದರ ಕೊಕ್ಕು ಪುಡಿಯಾಗಿತ್ತು. ಅತ್ತಿಗೆ ಅಳುವುದೊಂದು ಬಾಕಿ.

"ಕೊಕ್ಕ್ ಇಡ್ಸಿ, ಕಣ್ಣಲ್ಲ್ ಕಂಡೇ ಹೋಪುದ್. ಅಲ್ಲಿವರೆಗೆ ಟಿಕೆಟ್ ಮಾಡ್ಸುದಿಲ್ಲೆ," ಅಂದಳು.

ಸಾಲಿಗ್ರಾಮದಲ್ಲಿ ಯಕ್ಷಗಾನದ ಕಿರೀಟ, ಭುಜಕೀರ್ತಿ ಮಾಡುವವರೊಬ್ಬರಿದ್ದಾರೆ. ಹಗುರ ಮರ ಕೆತ್ತಿ, ಬಣ್ಣ ಹಚ್ಚಿ, ಕನ್ನಡಿಚೂರು ಕೂರಿಸುವ ಕೈ. ಅವರು ಹಕ್ಕಿಯನ್ನು ತಿರುಗಿಸಿ ನೋಡಿ ಕೆಳಗಿಟ್ಟರು.

"ಇದ್ ಯಾವ್ ಹಕ್ಕಿ? ವೇಷ ಯಾವ್ದ್ ಅಂತ ಗೊತ್ತಿಲ್ದೆ ಕಿರೀಟ ಮಾಡುಕಾತ್ತಾ? ಹೆಸ್ರ್ ಹೇಳಿ, ನಾಲ್ಕ್ ದಿನದಲ್ಲ್ ಕೊಡ್ತೆ."

ಅತ್ತಿಗೆ ನನ್ನ ಮುಖ ನೋಡಿದಳು. ಹಸಿರು ಮೈ, ಕಂದು ತಲೆ, ಕಣ್ಣಿನ ಕೆಳಗೆ ಬಿಳಿ ಗೆರೆ. ಕುಟುರ ಹಕ್ಕಿ ಎಂದು ಸೀರೆ ಬಿಚ್ಚಿದಾಗಲೇ ನನಗೆ ಗೊತ್ತಾಗಿತ್ತು. ಬಾಯಿಗೆ ಬಂದ ಹೆಸರನ್ನು ನುಂಗಿಕೊಂಡೆ. ಹೇಳಿದರೆ ಈ ವಾರ ಕೊಕ್ಕು, ಮುಂದಿನ ವಾರ ರೈಲು. ಅವಳು ಹೋಗುವುದು ನನಗೆ ಬೇಡವಾಗಿತ್ತು, ಅಷ್ಟೇ. "ಗೊತ್ತಿಲ್ಲೆ, ಹುಡ್ಕ್‌ಕಾತ್ತ್ ಕಾಣ್," ಅಂದುಬಿಟ್ಟೆ.

ಹೀಗೆ ನಮ್ಮ ತಿರುಗಾಟ ಶುರುವಾಯಿತು. ಹೆಮ್ಮಾಡಿಯ ಗದ್ದೆಬದಿಯ ತಂತಿಯ ಮೇಲೆ ಹಸಿರು ಕಳ್ಳಿಪೀರ ಹಕ್ಕಿಗಳ ಸಾಲನ್ನೇ ತೋರಿಸಿದೆ. ಗಾಳಿಗೆ ಹಾರಿ, ಹುಳ ಹಿಡಿದು, ಮತ್ತೆ ಅದೇ ಜಾಗಕ್ಕೆ ಬಂದು ಕೂರುವ ಆಟವನ್ನು ಅತ್ತಿಗೆ ಮುಕ್ಕಾಲು ಗಂಟೆ ನಿಂತು ನೋಡಿದಳು. ಆಮೇಲೆ ಹೆಬ್ಬೆರಳು ತೋರುಬೆರಳು ಕೂಡಿಸಿ ತಲೆಯಾಡಿಸಿದಳು. ಮೂವತ್ತು ವರ್ಷ ಕೊಕ್ಕು ಹಿಡಿದೇ ತನ್ನ ಗಾಜಿನ ಹಕ್ಕಿಯ ಧೂಳು ಒರೆಸಿದವಳು. ಕಣ್ಣಿಗೆ ಮರೆತದ್ದು ಬೆರಳಿಗೆ ನೆನಪಿತ್ತು. "ಇಷ್ಟ್ ಸಪೂರ ಅಲ್ಲ. ನಂದ್ ದಪ್ಪ." ಶಿರೂರಿನಲ್ಲಿ ಗಿಳಿ ಹಿಂಡು ಕಂಡೆವು. ಅದೂ ಅಲ್ಲ. ಬುತ್ತಿಗೆ ಕೊಟ್ಟೆ ಕಡುಬು ಒಯ್ಯುತ್ತಿದ್ದೆವು, ದುರ್ಬೀನಿಗಾಗಿ ಕಿತ್ತಾಡುತ್ತಿದ್ದೆವು. ಅಷ್ಟು ನಕ್ಕು ನನಗೆ ವರ್ಷಗಳೇ ಆಗಿದ್ದವು.

ಕಷ್ಟವಿದ್ದದ್ದು ಮನೆಯಲ್ಲಿ. ಹಿತ್ತಲ ಹಲಸಿನ ಮರದಲ್ಲಿ ಬೆಳಗಾದರೆ ಕುಟ್ರೂ ಕುಟ್ರೂ ಎಂದು ಒಂದೇ ಸಮನೆ ಕೂಗು. "ಅದೆಂತ ಇಡೀ ದಿನ ಬೊಬ್ಬೆ?" ಎಂದು ಕೇಳಿದಳು. "ಅಳಿಲ್," ಅಂದೆ. ಗಂಡ ಪೇಪರಿನಿಂದ ತಲೆಯೆತ್ತಿ ನನ್ನನ್ನೊಮ್ಮೆ ನೋಡಿ, ಪುಣ್ಯಕ್ಕೆ, ಮತ್ತೆ ಪೇಪರಿಗೇ ಮರಳಿದರು.

ಮೂರನೇ ವಾರ ಬೈಂದೂರಿನಿಂದ ವಾಪಸು ಬರಲು ಬಸ್ಸಿಗೆ ಕಾಯುತ್ತ ಗೋಳಿಮರದ ನೆರಳಲ್ಲಿ ನಿಂತಿದ್ದೆವು. ಮರದ ತುಂಬ ಹಣ್ಣು. ಕೈಗೆಟುಕುವಷ್ಟು ಕೆಳಗಿನ ಕೊಂಬೆಗೆ ಒಂದು ಕುಟುರ ಬಂದು ಕೂತಿತು. ಅತ್ತಿಗೆಯ ಎರಡು ಬೆರಳು ತಾವಾಗಿ ಕೂಡಿದವು.

"ಇದೇ! ಹ್ವಾಯ್, ಇದೇ ಮಾರಾಯ್ತಿ!"

ಆ ಹಕ್ಕಿಯಾದರೂ ಬಾಯಿ ಮುಚ್ಚಿಕೊಂಡಿರಬಾರದಿತ್ತೇ? ಕತ್ತು ಉಬ್ಬಿಸಿ ಕುಟ್ರೂ ಎಂದಿತು. ಅತ್ತಿಗೆ ಮೆಲ್ಲಗೆ ನನ್ನ ಕಡೆ ತಿರುಗಿದಳು.

"ಇದಾ ನಿನ್ನ ಅಳಿಲ್? ನಿಂಗೆ ಮೊದ್ಲೇ ಗೊತ್ತಿದ್ದಿತ್ತಾ?"

"ಹೌದ್."

"ಮತ್ತೆ ಎಂತಕೆ ಹೇಳ್ಲಿಲ್ಲೆ?"

"ಹೇಳ್ರೆ ನೀನ್ ಹೋತಿದ್ದೆ."

ಅವಳ ಮುಖ ಕೆಂಪಾಯಿತು. "ಮೂರ್ ವಾರ ಬಿಸ್ಲಲ್ಲ್ ತಿರ್ಗ್ಸಿದ್ಯಲೆ! ಇರ್ ಅಂದ್ರೆ ಇರ್ತಿರ್ಲಿಲ್ಯಾ ನಾನ್? ಒಂದ್ ಮಾತ್ ಕೇಂಬುಕೆ ಎಂತ ಆಯ್ತ್ ನಿಂಗೆ?"

ನಮ್ಮ ತವರಿನವರಿಗೆ ಬಂದವರ ಬಾಳೆಲೆ ತುಂಬಿಸಿ ಗೊತ್ತು. ಇರು ಎಂದು ಬಾಯಿಬಿಟ್ಟು ಕೇಳಿ ಗೊತ್ತಿಲ್ಲ. ಅಣ್ಣನನ್ನೂ ಹಾಗೆ ಕೇಳಿದವರಿಲ್ಲ, ಪ್ರತಿ ಸಲ ರಜೆ ಮುಗಿದೊಡನೆ ಹೋಗಿಬಿಡುತ್ತಿದ್ದ.

"ಇರ್ ಅತ್ಗೆ," ಅಂದೆ. ಅಷ್ಟು ಹೇಳುವುದರೊಳಗೆ ಬೆವರಿಹೋದೆ.

ಕುಂದಾಪುರದ ಬಸ್ಸು ಬಂದು, ನಿಂತು, ನಾವು ಹತ್ತದಿರುವುದನ್ನು ಕಂಡು ಹೋಯಿತು. ಆಮೇಲೆ ಅವಳು ಚೀಲದಿಂದ ಫೋನ್ ತೆಗೆದು ಮಗಳಿಗೆ ಮಾಡಿದಳು.

"ಈಗ ಟಿಕೆಟ್ ಬ್ಯಾಡ ಮಗಾ. ಮಳೆಗಾಲ ಕಳ್ದ್ ಬತ್ತೆ," ಅಂದಳು, ನನ್ನನ್ನೇ ನೋಡುತ್ತ. "ಇಲ್ಲ್ ನಿನ್ನ ಅತ್ತೆಗೆ ನಾನ್ ಬೇಕಂಬ್ರ್."