ಇಬ್ಬರಿಗೂ ಒಂದೇ ಸೀಸೆ

ಹುಲ್ಲಹಳ್ಳಿಯಲ್ಲಿ ಯಾರನ್ನೇ ಕೇಳಿ, ಸುನೀತಾ ಟೀಚರ್ ಮೂಗು ನಾಯಿಮೂಗು ಅನ್ನುತ್ತಾರೆ. ಯಾವ ಹುಡುಗಿಯ ಚೀಲದಲ್ಲಿ ಹುಣಸೆಹಣ್ಣಿದೆ, ಯಾರ ಮನೆಯಲ್ಲಿ ಹಾಲು ತಳ ಹಿಡಿದಿದೆ ಎಂದು ರಸ್ತೆಯಲ್ಲೇ ನಿಂತು ಹೇಳುತ್ತಿದ್ದೆ. ಮೂವತ್ತೈದು ವರ್ಷ ಪಾಠ ಮಾಡಿ ನಿವೃತ್ತಳಾದ ಮೇಲೆ ಉಳಿದಿದ್ದ ಜಂಬ ಅದೊಂದೇ. ಪಕ್ಕದ ಮನೆಯ ಶಿವರಂಜನಿಯ ಬಗ್ಗೆ ಹೇಳಬೇಕೆಂದರೆ ಈ ಹಾಳು ಮೂಗಿನಿಂದಲೇ ಶುರು ಮಾಡಬೇಕು.

ಶಿವರಂಜನಿ ಟಿ. ನರಸೀಪುರದ ಕಡೆಯ ಹೆಮ್ಮಿಗೆಯವಳು. ಮದುವೆಯಾಗಿ ಬಂದು ಇನ್ನೂ ಅರಿಶಿನದ ಬಣ್ಣ ಮಾಸಿರಲಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿ ಪವರ್ ಟಿಲ್ಲರ್ ಹಿಡಿದು ಗದ್ದೆಗೆ ಇಳಿದಳು. ನಾಲೆ ನೀರಿನ ಸರದಿಗೆ ಜಗಳ ಬಂದರೆ ಎದುರಿಗಿದ್ದ ಗಂಡಸು ಗುದ್ದಲಿ ಹೆಗಲಿಗೇರಿಸಿ ಜಾಗ ಖಾಲಿ ಮಾಡಬೇಕು, ಅಂಥ ಬಾಯಿ. ಗದ್ದೆ ಕೆಲಸಕ್ಕೆ ಹೋಗುವ ನಮ್ಮ ಹೆಂಗಸರೆಲ್ಲ ಸೀರೆಯ ಮೇಲೆ ಗಂಡನ ಹಳೇ ಅಂಗಿ ತೊಡುತ್ತಾರೆ. ಆದರೆ ಅದು ಒಪ್ಪುತ್ತಿದ್ದದ್ದು ಇವಳೊಬ್ಬಳಿಗೇ. ತೋಳು ಮಡಚಿ ನಿಂತರೆ ಅಂಗಿ ಇವಳದೇ, ಗಂಡ ಕಡ ತೆಗೆದುಕೊಂಡು ಹೋಗುತ್ತಾನೆ ಅನ್ನಿಸುತ್ತಿತ್ತು.

ಗಂಡ ಅಮೃತೇಶ ಮೈಸೂರಿನಲ್ಲಿ ಟೂರಿಸ್ಟ್ ಕಾರು ಓಡಿಸುತ್ತಿದ್ದ. ಮೆಲುಮಾತಿನವನು. ಕೇರಳದ ಘಾಟಿ ರಸ್ತೆಯಲ್ಲೂ ಹಾರನ್ ಹೊಡೆಯಲು ಹಿಂದೆಮುಂದೆ ನೋಡುವವನು. ರಜೆಗೆ ಬಂದರೆ ಜಗಲಿಯ ಮೇಲೆ ಕೂತು, ಯಾರು ನೋಡಿದರೂ ಕೇರ್ ಮಾಡದೆ, ಹೆಂಡತಿಗೆ ಮಲ್ಲಿಗೆ ಕಟ್ಟಿಕೊಡುತ್ತಿದ್ದ. "ಮ್ಯಾಲಿರೋ ಶಿವ ಅರ್ಜೆಂಟ್‌ನಲ್ಲಿ ಇವ್ರಿಬ್ರುನ್ನೂ ಅದ್ಲುಬದ್ಲು ಮಾಡ್ಬುಟ್ಟವ್ನೆ ಟೀಚ್ರೇ" ಎಂದು ಅವನ ತಾಯಿ ಮಂಗಳಮ್ಮ ನಗುತ್ತಿದ್ದರು.

ಆ ಸೆಂಟು ಬಂದದ್ದು ಅವನ ಕಾರಿನಿಂದಲೇ. ಎರಡು ವಾರ ಅವನ ಜೊತೆ ಬಂಡೀಪುರ, ಊಟಿ ಸುತ್ತಿದ ಹೊರದೇಶದ ಗಂಡಹೆಂಡತಿ ಹೊರಡುವಾಗ ಕೈಗಿಟ್ಟರಂತೆ. ಅಂಗೈಯಷ್ಟು ಚೌಕದ ಗಾಜಿನ ಸೀಸೆ, ಮರದ ಮುಚ್ಚಳ, ಹಿಡಿದರೆ ತೂಕದ ಕಲ್ಲಿನಷ್ಟು ಭಾರ. ಭಾರಿ ಶ್ರೀಮಂತರು ಹಾಕಿಕೊಳ್ಳುವಂಥದ್ದು. ಡಬ್ಬದ ಮೇಲಿನ ಇಂಗ್ಲಿಷ್ ಓದಿಸಲು ಗಂಡ, ಹೆಂಡತಿ, ಅತ್ತೆ ಮೂವರೂ ನಮ್ಮ ಮನೆಗೆ ಬಂದರು.

"ಯೂನಿಸೆಕ್ಸ್ ಅಂತ ಬರೆದಿದೆಯಪ್ಪ" ಎಂದೆ.

"ಅಂಗಂದ್ರೇನು ಟೀಚರ್? ಸಲೂನ್ ಬೋರ್ಡ್ ಮೇಲೂ ಬರ್ದಿರ್ತಾರಲ್ಲ?" ಎಂದ ಅಮೃತೇಶ.

"ಗಂಡಸರೂ ಹಾಕ್ಕೋಬಹುದು, ಹೆಂಗಸರೂ ಹಾಕ್ಕೋಬಹುದು ಅಂತ."

ಮಂಗಳಮ್ಮನಿಗೆ ನಗು ತಡೆಯಲಾಗಲಿಲ್ಲ. "ಇಬ್ರುಗೂ ಒಂದೇ ಸೀಸೆನಾ? ಸರೋಯ್ತು ಬುಡಿ. ಇವ್ರುಗೇ ಅಂತ ಏಳಿ ಮಾಡ್ಸಿದಂಗದೆ."

ಅದೊಂದು ವಿಚಿತ್ರ ಸೆಂಟು. ಅದೇ ಸೀಸೆಯಿಂದ ಹಾಕಿಕೊಂಡರೂ ಅವನ ಮೈಮೇಲೆ ಕಾಳುಮೆಣಸಿನ ಹಾಗೆ, ಆರಿದ ಒಲೆಯ ಹೊಗೆಯ ಹಾಗೆ ಇರುತ್ತಿತ್ತು. ಇವಳ ಮೈಮೇಲೆ ಆಗ ತಾನೇ ತೇಯ್ದ ಗಂಧದ ಹಾಗೆ ತಂಪಾಗುತ್ತಿತ್ತು. ಒಂದು ಭಾನುವಾರ ಇಬ್ಬರೂ ಬೈಕಿನಲ್ಲಿ ನಂಜನಗೂಡಿಗೆ ಹೊರಟಿದ್ದರು. ಓಡಿಸುತ್ತಿದ್ದವಳು ಅವಳು, ಹಿಂದೆ ಕೂತಿದ್ದವನು ಅವನು. ಬೈಕು ತಿರುವು ದಾಟಿದ ಮೇಲೂ ಮೆಣಸು ಮತ್ತು ಗಂಧ ಓಣಿಯಲ್ಲಿ ನಿಂತೇ ಇದ್ದವು. ಯಾವುದು ಯಾರದು ಎಂದು ನಾನು ಬೇರೆ ಮಾಡಿ ಹೇಳಬಲ್ಲವಳಾಗಿದ್ದೆ.

ಎರಡು ಸಾವಿರದ ಇಪ್ಪತ್ತೊಂದರ ಮೇ ತಿಂಗಳಲ್ಲಿ ತಾಯಿಗೂ ಮಗನಿಗೂ ಒಟ್ಟಿಗೇ ಜ್ವರ ಬಂತು. ಆಂಬುಲೆನ್ಸ್ ಬಾಗಿಲಿಗೆ ಬಂದಾಗ ಅಮೃತೇಶ ಬೆವರಿಗೆ ಒದ್ದೆಯಾಗಿದ್ದ ಬಿಳಿ ಅಂಗಿ ಬಿಚ್ಚಿ ನಡುಮನೆಯ ಗೂಟಕ್ಕೆ ಹಾಕಿ, ಬೇರೆ ತೊಟ್ಟು ಹೋದ. ಮಂಗಳಮ್ಮ ಬದುಕಿಕೊಂಡರು. ಅವನು ವಾಪಸ್ಸು ಬರಲಿಲ್ಲ. ಅವರ ಜನದಲ್ಲಿ ಸತ್ತವರನ್ನು ಕೂರಿಸಿ, ಮೈಗೆಲ್ಲ ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗ ಇಟ್ಟು ಮಣ್ಣು ಮಾಡುತ್ತಾರೆ. ಅವನಿಗೆ ಅದೊಂದೂ ಆಗಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದದ್ದನ್ನು ಯಾರೋ ಇಳಿಸಿದರು, ಹೆಂಡತಿ ದೂರದ ಬದುವಿನ ಮೇಲೆ ನಿಂತು ನೋಡಿದಳು. ಮುಖ ಸಿಗಲಿಲ್ಲ, ಮುಟ್ಟಲು ಕೈ ಸಿಗಲಿಲ್ಲ.

ಹೂವಿನ ಮಾದು ಅವರ ಬಾಗಿಲ ಮುಂದೆ ಬಂದಾಗ ಕೂಗುವುದನ್ನು ನಿಲ್ಲಿಸಿ ತಲೆ ತಗ್ಗಿಸಿ ಹೋಗತೊಡಗಿದ. ಹೂವು ಮುಡಿಯಬಾರದೆಂದು ಅವಳಿಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ. ಸೆಂಟನ್ನು ಅವಳೇ ಬಿಟ್ಟಳು. ಆ ಸೀಸೆ ಏನಾಯಿತೆಂದು ನಾನು ಕೇಳಲಿಲ್ಲ.

ಮಕ್ಕಳಾಗಿರಲಿಲ್ಲ. ಅವಳ ಅಣ್ಣ ಗುರುಪ್ರಸಾದ್ ಹೆಮ್ಮಿಗೆಯಿಂದ ಎರಡು ಸಲ ಕರೆಯಲು ಬಂದ. "ಅತ್ತೇನ ಬುಟ್ಟು ಎಲ್ಲಿಗಣ್ಣ ಬರ್ಲಿ?" ಎಂದು ಊಟ ಹಾಕಿ ಕಳಿಸಿದಳು. ಅವಳು ಸುಮ್ಮನೆ ಹೇಳಿದ ಮಾತಲ್ಲ ಅದು. ದಿನಾ ಬೆಳಿಗ್ಗೆ ಮಿಂದು, ಅತ್ತೆಯ ಲಿಂಗಪೂಜೆಗೆ ಮಡಿಯಲ್ಲಿ ಒಂದು ತಂಬಿಗೆ ನೀರು ತಂದಿಡುತ್ತಿದ್ದಳು. ಆ ನೀರಿಗೆ ಅವರು ಅಗ್ಗವಣಿ ಅನ್ನುತ್ತಾರೆ. ಮನಸ್ಸಿಗೆ ಶುದ್ಧ ಅನ್ನಿಸಿದವರ ಕೈಯಿಂದ ಮಾತ್ರ ಅದನ್ನು ತೆಗೆದುಕೊಳ್ಳುವುದು. ತಂಬಿಗೆ ಈಸಿಕೊಳ್ಳುವಾಗ ಮಂಗಳಮ್ಮ "ನೀನೇ ನನ್ ಮಗ ಕಣವ್ವ" ಅನ್ನುವುದು ಗೋಡೆಯಾಚೆಯ ನನಗೂ ಕೇಳುತ್ತಿತ್ತು. ಅವಳಿಗೆ ಈ ಭೂಮಿಯ ಮೇಲೆ ಇದ್ದದ್ದು ಆ ಮಾತೊಂದೇ.

ಅದನ್ನೂ ನಾನು ಕಿತ್ತುಕೊಂಡೆ.

ಕಳೆದ ವರ್ಷ ನಾಟಿಯ ಕಾಲ. ಒಂದು ಸೋಮವಾರ ಮಧ್ಯಾಹ್ನ ಕರಿಬೇವಿಗೆಂದು ಅವರ ಮನೆಗೆ ಹೋದೆ. ಶಿವರಂಜನಿ ಗದ್ದೆಗೆ ಹೋಗಿದ್ದಳು. ಮಂಗಳಮ್ಮ ಜಗಲಿಯ ಮೇಲೆ ಕಾಲು ನೀವಿಕೊಳ್ಳುತ್ತಿದ್ದರು. ನಡುಮನೆಗೆ ಕಾಲಿಟ್ಟೆ, ಗಕ್ಕನೆ ನಿಂತೆ. ಗಂಡಸಿನ ವಾಸನೆ. ಈಗ ತಾನೇ ಎದ್ದು ಹೋದವನ ಹಾಗೆ, ಬೆವರು, ಅದರ ಜೊತೆ ಏನೋ ಬೆಲೆಬಾಳುವ ಘಮ. ಮೂಗಿಗೆ ಪರಿಚಯವಿತ್ತು, ತಲೆಗೆ ಹೊಳೆಯಲಿಲ್ಲ. ತಲೆ ಬೇರೆ ಕಡೆ ಓಡಿತ್ತು.

ಹೊರಗೆ ಬಂದವಳು ಸುಮ್ಮನಿರಬಾರದಿತ್ತೆ? "ಮನೇಲಿ ಯಾರೋ ಗಂಡಸರು ಇದ್ದ ಹಾಗೆ ವಾಸನೆ ಇದೆಯಲ್ಲ ಮಂಗಳಮ್ಮ, ಯಾರಾದ್ರೂ ಬಂದಿದ್ರಾ?" ಎಂದೆ.

ಕಾಲು ನೀವುತ್ತಿದ್ದ ಕೈ ನಿಂತಿತು. ಆ ಜ್ವರ ಹೋಗುವಾಗ ಮಂಗಳಮ್ಮನ ಮೂಗಿನ ಶಕ್ತಿಯನ್ನೂ ತೆಗೆದುಕೊಂಡು ಹೋಗಿತ್ತು. ಸಾರು ಸೀದರೂ ತಿಳಿಯುತ್ತಿರಲಿಲ್ಲ. ನಾನು ನಾಯಿಮೂಗಿನವಳು. ನನ್ನ ಮಾತೇ ಅವರಿಗೆ ಸಾಕ್ಷಿ.

ಮಾರನೆಯ ಬೆಳಿಗ್ಗೆ ಅವರು ಸೊಸೆಯ ಕೈಯಿಂದ ಅಗ್ಗವಣಿ ತೆಗೆದುಕೊಳ್ಳಲಿಲ್ಲ. ಒಂದು ಮಾತು ಬಯ್ಯಲಿಲ್ಲ. ನೆಟ್ಟಗೆ ನಿಲ್ಲಲಾಗದ ಮಂಡಿ ಎಳೆದುಕೊಂಡು ತಾವೇ ನಲ್ಲಿಗೆ ಹೋಗಿ ತಂಬಿಗೆ ತುಂಬಿಕೊಂಡರು. ಅವಳು ತಂದಿಟ್ಟ ನೀರು ಹಾಗೇ ಇತ್ತು. ಎರಡನೇ ದಿನವೂ ಹಾಗೇ, ಮೂರನೇ ದಿನವೂ ಹಾಗೇ. ಎಂಟನೇ ದಿನ ಶಿವರಂಜನಿ ಅತ್ತೆಯ ದಾರಿಗೆ ಅಡ್ಡ ನಿಂತು ಕೇಳಿದಳು. ಆಮೇಲೆ ನನ್ನ ಬಾಗಿಲಿಗೆ ಬಂದಳು.

"ಒಂದ್ಗಳಿಗೆ ಬನ್ನಿ ಟೀಚರ್."

ಹೋದೆ. ಜಗಲಿಯಲ್ಲಿ ಎದುರು ಮನೆಯ ಮುದ್ದಮ್ಮ, ಇನ್ನಿಬ್ಬರು ಹೆಂಗಸರು ಆಗಲೇ ನಿಂತಿದ್ದರು. ಜಗಳದ ವಾಸನೆ ಹಿಡಿಯಲು ಯಾರಿಗೂ ನಾಯಿಮೂಗು ಬೇಕಿಲ್ಲ. ಮಂಗಳಮ್ಮನ ಮಡಿಲಲ್ಲಿ ಗೂಟದ ಬಿಳಿ ಅಂಗಿ ಇತ್ತು, ಪಕ್ಕದಲ್ಲಿ ಆ ಚೌಕದ ಸೀಸೆ. ತಳದಲ್ಲಿ ಒಂದು ಬೆರಳಷ್ಟು ಉಳಿದಿತ್ತು.

"ಅವತ್ತು ಬಿಚ್ಚಾಕಿ ಓದ ಅಂಗಿ" ಎಂದಳು ಶಿವರಂಜನಿ. "ಇವತ್ತಿನವರ್ಗೂ ಒಗ್ದಿಲ್ಲ. ಸೋಮ್ವಾರ ಸೋಮ್ವಾರ ಕಾಲರ್‌ಗೆ ಒಂದ್ಸಲ ಸೆಂಟ್ ಒಡೀತೀನಿ. ಬೆವ್ರೂ ಸೆಂಟೂ ಸೇರುದ್ರೆ ಅವ್ರು ಬಂದಂಗೇ ಆಯ್ತದೆ. ಅಷ್ಟೇ ಟೀಚರ್. ಬ್ಯಾರೆ ಗಂಡಸು ಯಾರೂ ಬಂದಿಲ್ಲ."

ಮಂಗಳಮ್ಮ ಅಂಗಿಯನ್ನು ನನ್ನತ್ತ ಚಾಚಿದರು. "ನಾನೂ ಮೂಸ್ದೆ ಕಣ್ ಟೀಚ್ರೇ. ನನ್ ಮೂಗ್ಗೆ ಅಂಗಿನೂ ಒಂದೇ, ಬೂದಿನೂ ಒಂದೇ. ಇವ್ಳು ನನ್ ಮಗುಂದು ಅಂತಾವ್ಳೆ. ನೀವು ಏಳ್ಬುಡಿ, ನಿಮ್ಮಾತು ನಂಬ್ತೀನಿ."

ಮೂಸಿದೆ. ಮೆಣಸು, ಆರಿದ ಒಲೆಯ ಹೊಗೆ. ನನ್ನ ಕಣ್ಣಿನ ಆಪರೇಷನ್ ಆದ ದಿನ ಕಾರಿನಿಂದ ಇಳಿಸಿ, ಹೆಗಲು ಕೊಟ್ಟು, ಮನೆಯವರೆಗೂ ನಡೆಸಿಕೊಂಡು ಬಂದವನ ವಾಸನೆ. ಪಟ್ಟಿ ಕಟ್ಟಿದ ಕಣ್ಣಿನಲ್ಲಿ ಆ ದಿನ ನನಗೆ ದಾರಿ ತೋರಿಸಿದ್ದು ಆ ವಾಸನೆಯೇ. ಅಮೃತೇಶ, ಅಮೃತೇಶ ಎಂದು ಕೂಗಬೇಕು ಅನ್ನಿಸಿತು.

ಆದರೆ ಹೆಂಗಸರು ನೋಡುತ್ತಿದ್ದರು. ಸತ್ತ ಗಂಡನ ಅಂಗಿಗೆ ಹಾದರದ ಬಣ್ಣ ಕಟ್ಟಿದವಳು ಟೀಚರ್ ಎಂದು ಸಂಜೆಯೊಳಗೆ ಊರೆಲ್ಲ ಆಡಿಕೊಳ್ಳುತ್ತದೆ.

"ನೆಗಡಿ ಆಗಿದೆ ಮಂಗಳಮ್ಮ. ಸರಿಯಾಗಿ ಗೊತ್ತಾಗ್ತಿಲ್ಲ" ಎಂದೆ.

ಶಿವರಂಜನಿ ನನ್ನ ಮುಖವನ್ನೇ ನೋಡಿದಳು. ನಾಲೆಯ ಏರಿಯ ಮೇಲೆ ಹತ್ತು ಗಂಡಸರ ಬಾಯಿ ಮುಚ್ಚಿಸುತ್ತಿದ್ದವಳು ಬಗ್ಗಿ ಸೀಸೆ ಎತ್ತಿಕೊಂಡಳು. ಅಂಗಿ ತೆಗೆದುಕೊಂಡು ಒಳಗೆ ಹೋದಳು.

ಬೆಳಗಾಗುವುದನ್ನೇ ಕಾದಿದ್ದು ಅವರ ಮನೆಗೆ ಹೋದೆ. ಮಂಗಳಮ್ಮ ಪೂಜೆಗೆ ಕೂರುವ ಹೊತ್ತು. ಅವರ ಕಾಲ ಹತ್ತಿರ ನೆಲದ ಮೇಲೆ ಕೂತು ಹೇಳಿದೆ: "ನೆನ್ನೆ ನಾನು ಸುಳ್ಳು ಹೇಳಿದೆ. ನೆಗಡಿ ಏನೂ ಇರಲಿಲ್ಲ. ಅದು ನಿಮ್ಮ ಮಗನ ವಾಸನೆ. ದೇವರಾಣೆ, ಅಮೃತೇಶಂದೇ. ನನ್ನ ಮರ್ಯಾದೆ ನೋಡಿಕೊಂಡು ಆ ಹುಡುಗೀದು ಕಳೆದೆ."

ಮಂಗಳಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡು ಹಿತ್ತಲ ಕಡೆ ಕೂಗಿದರು. "ರಂಜನೀ, ಅಗ್ಗವಣಿ ತತ್ತಾರವ್ವ."

ಅವಳು ತಂದಳು. ಅತ್ತೆ ಎರಡೂ ಕೈ ಚಾಚಿ ತಂಬಿಗೆ ಈಸಿಕೊಂಡರು, ಜೊತೆಗೆ ಆ ಕೈಗಳನ್ನೂ ಹಿಡಿದುಕೊಂಡರು. "ತಪ್ಪಾಯ್ತು ಕಣವ್ವ. ನಿನ್ ಅತ್ತೆ ಕುರುಡಿ ಅಂದ್ಕೊ. ತಗಂಡ್ಬಾ ಆ ಅಂಗಿಯ, ಗೂಟುಕ್ಕೇ ಆಕು."

ಆಗ ಅವಳ ಕೈಗಳನ್ನು ನೋಡಿದೆ. ನೀರಿನಲ್ಲಿ ನೆನೆದು ಬೆರಳ ತುದಿಗಳು ಸುಕ್ಕುಗಟ್ಟಿದ್ದವು. ಸೋಪಿನ ವಾಸನೆ. ಎದ್ದು ಹಿತ್ತಲಿಗೆ ಓಡಿದೆ. ತಂತಿಯ ಮೇಲೆ ಬಿಳಿ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಕಾಲರ್ ಹೊಸದರಷ್ಟು ಬೆಳ್ಳಗಾಗಿತ್ತು. ಒಗೆಯುವ ಕಲ್ಲಿನ ಮೇಲೆ ಸೀಸೆ ಖಾಲಿಯಾಗಿ ಮಲಗಿತ್ತು.

ಇನ್ನೊಂದು ಸೀಸೆ ಎಲ್ಲಿಂದಾದರೂ ತರಿಸಬಹುದಿತ್ತು. ಆ ಬೆವರನ್ನು ಎಲ್ಲಿಂದ ತರಿಸಲಿ?

ಶಿವರಂಜನಿ ಬಾಗಿಲಲ್ಲಿ ನಿಂತಿದ್ದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ.

"ಒಳಗೋಗಿ ಮೂಸ್ನೋಡಿ ಟೀಚರ್" ಎಂದಳು. "ನಮ್ಮನೇಲಿ ಈಗ ಯಾವ ಗಂಡಸೂ ಇಲ್ಲ."

ಒಳಗೆ ಹೋದೆ. ಗೂಟದ ಹತ್ತಿರ ನಿಂತು ಮೂರು ಸಲ ಉಸಿರೆಳೆದುಕೊಂಡೆ. ಇರಲಿಲ್ಲ.